ನಿಘಂಟಿನ ಹೊರಗಿನ ಫ್ರೆಂಚ್



ಪ್ಯಾರಿಸ್ಸಿನ ಅಂಗಡಿಯೊಂದರಲ್ಲಿ ನೀವು ಕೊಂಡ ಸಾಮಾನಿಗೆ 97 ಯೂರೋ ಆಯಿತೆನ್ನಿ. ಅಂಗಡಿಯವನು 'ಕಾತ್ರ್ ವ್ಯಾಂ ದೀಸೆತ್' ಎನ್ನುತ್ತಾನೆ. ಬಿಡಿಸಿದರೆ ನಾಲ್ಕು ಇಪ್ಪತ್ತು, ಹದಿನೇಳು. ಮೊದಲು ಗುಣಿಸಬೇಕು, ಆಮೇಲೆ ಕೂಡಬೇಕು. ಅಲ್ಲಿಂದ ವೇಗದ ರೈಲು ಹತ್ತಿ ಒಂದೂವರೆ ತಾಸಿನೊಳಗೆ ಬ್ರಸೆಲ್ಸಿನಲ್ಲಿ ಇಳಿದು ಅಷ್ಟೇ ಬೆಲೆಯ ಸಾಮಾನು ಕೊಳ್ಳಿ. ಅಲ್ಲಿಯವನು 'ನೊನಾಂತ್ ಸೆತ್' ಎಂದು ಮುಗಿಸುತ್ತಾನೆ. ತೊಂಬತ್ತು, ಏಳು, ಅಷ್ಟೇ. ಎರಡೂ ಫ್ರೆಂಚೇ. ಹಾಗೆಂದು ಬೆಲ್ಜಿಯಂನವರು ಲೆಕ್ಕವನ್ನು ಪೂರಾ ನೇರ ಮಾಡಿಕೊಂಡರು ಎನ್ನುವಂತಿಲ್ಲ. ಎಪ್ಪತ್ತಕ್ಕೂ ತೊಂಬತ್ತಕ್ಕೂ ಒಂದೊಂದೇ ಪದ ಇಟ್ಟುಕೊಂಡವರು ಎಂಬತ್ತಕ್ಕೆ ಮಾತ್ರ ಪ್ಯಾರಿಸ್ಸಿನ ಹಾಗೆ ನಾಲ್ಕು ಇಪ್ಪತ್ತು ಎಂದೇ ಹೇಳುತ್ತಾರೆ. ಅದಕ್ಕೂ ಒಂಟಿ ಪದ ಬೇಕೆಂದರೆ ಸ್ವಿಟ್ಜರ್ಲೆಂಡಿನ ಲೋಸಾನ್ ಕಡೆಗೆ ಹೋಗಬೇಕು. ಇಪ್ಪತ್ತರ ಈ ಲೆಕ್ಕ ಹಳೆಯ ಫ್ರಾನ್ಸಿನಲ್ಲಿ ಇನ್ನೂ ದಟ್ಟವಾಗಿತ್ತು. ಹದಿಮೂರನೆಯ ಶತಮಾನದಲ್ಲಿ ಒಂಬತ್ತನೇ ಲೂಯಿ ದೊರೆ 300 ಮಂದಿ ಅಂಧರಿಗಾಗಿ ಪ್ಯಾರಿಸ್ಸಿನಲ್ಲಿ ಕಟ್ಟಿಸಿದ ಆಶ್ರಯಕ್ಕೆ ಬಿದ್ದ ಹೆಸರು 'ಹದಿನೈದು ಇಪ್ಪತ್ತು'. ಈಗ ಅದು ದೊಡ್ಡ ಕಣ್ಣಾಸ್ಪತ್ರೆ. ಹೆಸರು ಮಾತ್ರ ಅದೇ.

ಊಟದ ಹೆಸರುಗಳಲ್ಲೂ ಇಂಥದೇ ಎಡವಟ್ಟು. ಪ್ಯಾರಿಸ್ಸಿನವರು 'ದೆಜುನೆ'ಗೆ ಕರೆದರೆ ಮಧ್ಯಾಹ್ನ ಹೋಗಬೇಕು. 'ದಿನೆ'ಗೆ ಕರೆದರೆ ರಾತ್ರಿ. ಬೆಲ್ಜಿಯಂ, ಸ್ವಿಟ್ಜರ್ಲೆಂಡ್, ಕೆನಡಾದ ಕೆಬೆಕ್ ಪ್ರಾಂತ್ಯ, ಈ ಮೂರು ಕಡೆಯವರೂ 'ದೆಜುನೆ' ಎಂದರೆ ಬೆಳಗಿನ ತಿಂಡಿ, 'ದಿನೆ' ಎಂದರೆ ಮಧ್ಯಾಹ್ನದ ಊಟ. ರಾತ್ರಿಯದು 'ಸುಪೆ'. ಹಿಂದೆ ಫ್ರಾನ್ಸಿನಲ್ಲೂ ಹೀಗೇ ಇತ್ತು. ರಾಜಧಾನಿಯ ಸಿರಿವಂತರು ತಡವಾಗಿ ಏಳುವುದನ್ನು, ತಡವಾಗಿ ಉಣ್ಣುವುದನ್ನು ರೂಢಿ ಮಾಡಿಕೊಂಡಂತೆ ಊಟದ ಹೆಸರುಗಳೂ ಒಂದೊಂದು ಹೊತ್ತು ಮುಂದಕ್ಕೆ ಸರಿದವು. ಬೆಳಕು ಹರಿಯುತ್ತಲೇ ಹೊಲಕ್ಕೆ ಹೊರಡುವವರು ಹಳೆಯ ಹೊತ್ತನ್ನೂ ಬಿಡಲಿಲ್ಲ, ಹಳೆಯ ಹೆಸರನ್ನೂ ಬಿಡಲಿಲ್ಲ.

ಇನ್ನು ತಿನಿಸಿನ ವಿಷಯ. ಬೆಣ್ಣೆ ಹಚ್ಚಿ ಪದರ ಪದರವಾಗಿ ಮಡಿಸಿ, ನಡುವೆ ಚಾಕೊಲೇಟಿನ ಕಡ್ಡಿ ಇಟ್ಟು ಬೇಯಿಸಿದ ತಿನಿಸೊಂದು ಅಲ್ಲಿನ ಬೇಕರಿಗಳಲ್ಲೆಲ್ಲ ಸಿಗುತ್ತದೆ. ಪ್ಯಾರಿಸ್ಸಿನಲ್ಲಿ ಅದು 'ಪ್ಯಾಂ ಓ ಶೊಕೊಲಾ'. ನೈಋತ್ಯದ ತುಲೂಸ್, ಬೋರ್ದೊ ಕಡೆಯಲ್ಲಿ 'ಶೊಕೊಲಾತೀನ್'. ಯಾವುದು ಸರಿ ಎಂಬ ಜಗಳ 2018ರಲ್ಲಿ ಸಂಸತ್ತಿನವರೆಗೂ ಹೋಯಿತು. ಕೆಲವು ಸಂಸದರು ಮಸೂದೆಯೊಂದಕ್ಕೆ ತಿದ್ದುಪಡಿ ತಂದು ಶೊಕೊಲಾತೀನಿಗೆ ಮಾನ್ಯತೆ ಕೇಳಿದರು. ತಿದ್ದುಪಡಿ ಬಿದ್ದುಹೋಯಿತು. ತುಲೂಸಿನವರು ಮರುದಿನ ಬೆಳಿಗ್ಗೆಯೂ ಶೊಕೊಲಾತೀನನ್ನೇ ಕೇಳಿ ಕೊಂಡರು.

ಹಾಗಾದರೆ ಒಂದು ಭಾಷೆಯ ಪದಗಳನ್ನು ಕಾಯುವವರು ಯಾರು? ಪಂಡಿತರ ಸಭೆಯೇ, ಸರ್ಕಾರದ ಕಾನೂನೇ, ಬೀದಿಯ ಜನವೇ, ಹಾಡುಗಾರರೇ? ಈ ನಾಲ್ವರನ್ನೂ ಬೇರೆ ಬೇರೆಯಾಗಿ ನಿಲ್ಲಿಸಿ ನೋಡಲು ಫ್ರೆಂಚಿನಷ್ಟು ಅನುಕೂಲವಾದ ಭಾಷೆ ಇನ್ನೊಂದಿಲ್ಲ. ಒಂದೊಂದು ಸೀಮೆಯಲ್ಲಿ ಒಬ್ಬೊಬ್ಬರು ಅದರ ಕಾವಲಿಗೆ ನಿಂತಿದ್ದಾರೆ.

ಮೊದಲು ಪಂಡಿತರು. 1635ರಲ್ಲಿ ಕಾರ್ಡಿನಲ್ ರಿಶಲಿಯು ಫ್ರೆಂಚ್ ಅಕಾಡೆಮಿಯನ್ನು ಸ್ಥಾಪಿಸಿದ. 40 ಪೀಠಗಳು, ಕೂತವರಿಗೆ 'ಅಮರರು' ಎಂಬ ಬಿರುದು, ಕಸೂತಿ ಮಾಡಿದ ಅಂಗಿ, ಕೈಗೊಂದು ಖಡ್ಗ. ಭಾಷೆಗೆ ನಿಯಮ ಹಾಕುವುದು ಕೆಲಸ. ಅವರ ನಿಘಂಟು ಮೊದಲು ಬಂದದ್ದು 1694ರಲ್ಲಿ. ಒಂಬತ್ತನೆಯ ಆವೃತ್ತಿ ಮುಗಿದದ್ದು 2024ರಲ್ಲಿ. ಮುನ್ನೂರ ಮೂವತ್ತು ವರ್ಷಕ್ಕೆ ಒಂಬತ್ತು! ಅಮರರಿಗೆ ಅವಸರವಾದರೂ ಏಕೆ?

ಆದರೆ ಅಮರರ ಫ್ರೆಂಚ್ ಆಡುತ್ತಿದ್ದವರು ಎಷ್ಟು ಜನ? ಕ್ರಾಂತಿಯ ಕಾಲದಲ್ಲಿ, 1794ರಲ್ಲಿ, ಪಾದ್ರಿ ಗ್ರೆಗ್ವಾರ್ ರಾಷ್ಟ್ರಸಭೆಯ ಮುಂದೆ ಒಂದು ವರದಿ ಓದಿದ. ದೇಶದಲ್ಲಿ ಕನಿಷ್ಠ 60 ಲಕ್ಷ ಜನಕ್ಕೆ ಫ್ರೆಂಚ್ ಬಾರದು. ಇನ್ನೂ ಅಷ್ಟೇ ಜನ ಒಂದು ಸಂಭಾಷಣೆಯನ್ನು ಮುಂದುವರಿಸಲಾರರು. ಶುದ್ಧವಾಗಿ ಆಡಬಲ್ಲವರು 30 ಲಕ್ಷ ಮೀರರು. ಉಳಿದವರದು ಬ್ರೆತಾಂ, ಒಕ್ಸಿತಾನ್, ಬಾಸ್ಕ್, ಅಲ್ಸೇಷಿಯನ್, ನೂರಾರು ಹಳ್ಳಿನುಡಿಗಳು. ಎಲ್ಲಕ್ಕೂ ಸೇರಿಸಿ 'ಪಾತ್ವಾ' ಎಂಬ ಕೀಳು ಹೆಸರು. ಇವನ್ನು ಅಳಿಸಿಹಾಕಬೇಕೆಂಬುದೇ ಗ್ರೆಗ್ವಾರನ ಸಲಹೆ. ಸುಮಾರು ತೊಂಬತ್ತು ವರ್ಷದ ನಂತರ ಕಡ್ಡಾಯ ಶಿಕ್ಷಣ ಬಂದಾಗ ಶಾಲೆಗಳು ಆ ಕೆಲಸವನ್ನು ಕೈಗೆತ್ತಿಕೊಂಡವು. ಬ್ರೆತಾಂ ಆಡುವ ಬ್ರಿಟನಿಯ ಶಾಲೆಗಳಲ್ಲಿ ಮನೆಮಾತು ಆಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಒಂದು ಮರದ ಚಪ್ಪಲಿಯನ್ನೋ ಮರದ ತುಂಡನ್ನೋ ನೇತುಹಾಕುತ್ತಿದ್ದರು. ಇನ್ನೊಬ್ಬನ ಬಾಯಿಂದ ಅದೇ ಮಾತು ಬೀಳುವುದನ್ನು ಕೇಳಿ ಹಿಡಿದುಕೊಟ್ಟರೆ ಅದು ಅವನ ಕೊರಳಿಗೆ ಹೋಗುತ್ತಿತ್ತು. ಸಂಜೆ ಯಾರ ಕೊರಳಲ್ಲಿ ಉಳಿದಿತ್ತೋ ಅವನಿಗೆ ಶಿಕ್ಷೆ. ಕನ್ನಡ ಆಡಿದ್ದಕ್ಕೆ ಶಾಲೆಯಲ್ಲಿ ದಂಡ ತೆತ್ತ ಮಕ್ಕಳು ನಮ್ಮ ಊರುಗಳಲ್ಲೂ ಇದ್ದಾರೆ. ಅವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪಂಡಿತರು ಕಾದದ್ದು ಒಂದು ಬಾಗಿಲನ್ನು. ಪದಗಳು ಹೊರಟದ್ದು ಹತ್ತು ಬಾಗಿಲುಗಳಿಂದ, ಸೈನಿಕ, ನಾವಿಕ, ಅಡಿಗೆಯವ, ದರ್ಜಿ ಇವರ ಬೆನ್ನು ಹತ್ತಿ. ಮಂಡ್ಯ ಜಿಲ್ಲೆಯ ಪಾಂಡವಪುರಕ್ಕೆ ಹಿಂದೆ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು. ಹೈದರ್ ಮತ್ತು ಟಿಪ್ಪುವಿನ ಕಾಲದ ಫ್ರೆಂಚ್ ಸೈನಿಕರು ಅಲ್ಲಿ ಬೀಡು ಬಿಟ್ಟಿದ್ದರಿಂದ ಬಂದ ಹೆಸರು ಅದು. ನಮ್ಮ ಬಸ್ಸಿನವರು ದಿನಬೆಳಗಾದರೆ ಆಡುವ ಡಿಪೋ, ಗ್ಯಾರೇಜು, ರೂಟು ಮೂರೂ ಇಂಗ್ಲಿಷಿನ ಹಾದಿಯಲ್ಲಿ ಬಂದ ಫ್ರೆಂಚ್ ಪದಗಳು. ಡಿಪೋ ಎನ್ನುವಾಗ ಕೊನೆಯ 'ಟ'ಕಾರವನ್ನು ನುಂಗುವ ಫ್ರೆಂಚರ ಅಭ್ಯಾಸವನ್ನೂ ನಮ್ಮ ಕಂಡಕ್ಟರು ಪಾಲಿಸುತ್ತಾರೆ.

ಈಗ ಸಮುದ್ರ ದಾಟಿ ಕೆನಡಾದ ಕೆಬೆಕ್‌ಗೆ ಹೋಗೋಣ. ಅಲ್ಲಿ ಕಾವಲಿಗೆ ನಿಂತದ್ದು ಕಾನೂನು. 1608ರಲ್ಲಿ ಶಾಂಪ್ಲೇನ್ ಕೆಬೆಕ್ ಪಟ್ಟಣವನ್ನು ಸ್ಥಾಪಿಸಿದ. 1763ರ ಪ್ಯಾರಿಸ್ ಒಪ್ಪಂದದಲ್ಲಿ ಆ ನೆಲ ಇಂಗ್ಲಿಷರ ಪಾಲಾಯಿತು. ಅಲ್ಲಿದ್ದ ಫ್ರೆಂಚರಿಗೆ ತಾಯ್ನಾಡಿನ ನಂಟು ಕಡಿಯಿತು. ಇತ್ತ ಪ್ಯಾರಿಸ್ಸಿನಲ್ಲಿ ಕ್ರಾಂತಿಯಾಗಿ, ರಾಜಮನೆತನ ಹೋಗಿ, ಉಚ್ಚಾರವೂ ಬದಲಾಯಿತು. 'ನಾನು' ಎಂಬುದಕ್ಕೆ ಇಂದಿನ ಪ್ಯಾರಿಸ್ 'ಮ್ವಾ' ಎನ್ನುತ್ತದೆ. ಕೆಬೆಕ್ಕಿನ ಹಳ್ಳಿಯ ಅಜ್ಜ 'ಮ್ವೆ' ಎನ್ನುತ್ತಾನೆ. ಹಳ್ಳಿಗಾಡಿನ ಒರಟು ಮಾತು ಎಂದು ಪ್ಯಾರಿಸ್ಸಿನವರು ನಗುತ್ತಾರೆ. ವರ್ಸಾಯ್ ಅರಮನೆಯಲ್ಲಿ ರಾಜನೇ ಹಾಗೆ ಆಡುತ್ತಿದ್ದ ಎಂಬುದು ನಕ್ಕವರಿಗೆ ನೆನಪಿಲ್ಲ, ಅಷ್ಟೆ.

ಹಡಗಿನಲ್ಲಿ ಬಂದವರ ಬಾಯಲ್ಲಿ ಹಡಗಿನ ಪದಗಳು ನೆಲದ ಮೇಲೂ ಉಳಿದವು. ಕೆಬೆಕ್ಕಿನವರು ಕಾರನ್ನು ಹತ್ತುವುದಕ್ಕೂ ಇಳಿಯುವುದಕ್ಕೂ ಹಡಗು ಹತ್ತಿ ಇಳಿಯುವ ಕ್ರಿಯಾಪದಗಳನ್ನೇ ಬಳಸುತ್ತಾರೆ. ಆ ಕಾರಿಗೆ ಅವರ ಹೆಸರು 'ಶಾರ್', ಅಂದರೆ ಬಂಡಿ. ಫ್ರಾನ್ಸಿನವನಿಗೆ ಶಾರ್ ಎಂದರೆ ಯುದ್ಧದ ಟ್ಯಾಂಕು ಕಣ್ಣಮುಂದೆ ಬರುತ್ತದೆ. ಮೂಲೆಯ ದಿನಸಿ ಅಂಗಡಿ ಅಲ್ಲಿ 'ದೆಪನರ್'. ಫ್ರಾನ್ಸಿನಲ್ಲಿ ಆ ಪದ ಕೆಟ್ಟುನಿಂತ ಗಾಡಿ ರಿಪೇರಿ ಮಾಡಲು ಬರುವವನದು. ಬೈಗುಳಗಳಂತೂ ಕೆಬೆಕ್ಕಿನ ಸ್ವಂತ ಆಸ್ತಿ. ಚರ್ಚಿನಲ್ಲಿ ಪ್ರಸಾದವಿಡುವ ಪೆಟ್ಟಿಗೆ 'ತಬರ್ನಾಕ್', ಪೂಜೆಯ ಪಾನಪಾತ್ರೆ 'ಕಾಲಿಸ್', ಪ್ರಸಾದದ ರೊಟ್ಟಿ 'ಓಸ್ತಿ'. ಬೆರಳಿಗೆ ಸುತ್ತಿಗೆ ಬಿದ್ದರೆ ಅಲ್ಲಿಯ ಬಡಗಿಯ ಬಾಯಿಂದ ಬರುವುದು ಇವೇ. ಪಾದ್ರಿಗಳು ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಶಾಲೆ, ಆಸ್ಪತ್ರೆ, ಸಂಸಾರ ಎಲ್ಲವನ್ನೂ ತಮ್ಮ ಹಿಡಿತದಲ್ಲಿ ಇಟ್ಟುಕೊಂಡಿದ್ದ ನಾಡು ಅದು. ಸಿಟ್ಟು ಅಲ್ಲಿಗೇ ತಿರುಗಿತು.

ಈ ಭಾಷೆಗೆ ಮೊದಲು ಧೈರ್ಯ ತುಂಬಿದವರು ಹಾಡುಗಾರರು. 'ಲಾ ಬೋಲ್ದ್ಯುಕ್' ಎಂದೇ ಹೆಸರಾದ ಮೇರಿ ಟ್ರಾವರ್ಸ್ 1930ರ ಹೊತ್ತಿಗೆ, ಊರೆಲ್ಲ ಕೆಲಸ ಕಳೆದುಕೊಂಡಿದ್ದ ಆರ್ಥಿಕ ಕುಸಿತದ ಕಾಲದಲ್ಲಿ, ಮನೆಗೆಲಸ, ಬಾಡಿಗೆ, ನಿರುದ್ಯೋಗ ಇವನ್ನೆಲ್ಲ ತಾನಾಡುವ ಮಾತಿನಲ್ಲೇ ಹಾಡು ಕಟ್ಟಿ, ನಡುನಡುವೆ ನಾಲಿಗೆ ಹೊರಳಿಸಿ ಅರ್ಥವಿಲ್ಲದ ತಾಳದ ಸೊಲ್ಲುಗಳನ್ನು ಹಾಕುತ್ತ ಹಾಡಿದಳು. ಓದಿದವರು ಮೂಗು ಮುರಿದರು, ಉಳಿದವರು ರೆಕಾರ್ಡು ಕೊಂಡರು. 1968ರಲ್ಲಿ ಮಿಶೆಲ್ ತ್ರಾಂಬ್ಲೆಯ 'ಲೆ ಬೆಲ್ ಸರ್' ನಾಟಕ ಮಾಂಟ್ರಿಯಲ್ಲಿನ ರಂಗಕ್ಕೆ ಬಂತು. ಅಡುಗೆಮನೆಯಲ್ಲಿ ಕೂತ ಹದಿನೈದು ಹೆಂಗಸರು, ಮಾಂಟ್ರಿಯಲ್ಲಿನ ಕೂಲಿಕಾರ ಕೇರಿಯ ಮಾತು. ಆ ಮಾತಿಗೆ 'ಜುವಾಲ್' ಎಂಬ ಹೆಸರಿತ್ತು. ಕುದುರೆ ಎಂಬ ಪದವನ್ನು ಅಲ್ಲಿಯವರು ಉಚ್ಚರಿಸುವ ರೀತಿಯನ್ನು ಅಣಕಿಸಿ ಇಟ್ಟ ಹೆಸರು. ಅಣಕದ ಹೆಸರನ್ನೇ ಆ ತಲೆಮಾರು ಎದೆಗೆ ಅಂಟಿಸಿಕೊಂಡಿತು. ಅದೇ ವರ್ಷ ರೋಬೆರ್ ಶಾರ್ಲ್‌ಬ್ವಾ ಜುವಾಲಿನಲ್ಲಿ ರಾಕ್ ಸಂಗೀತ ಹಾಡಿದ.

ಇವರು ಹದ ಮಾಡಿದ ನೆಲದಲ್ಲಿ 1977ರ ಭಾಷಾ ಕಾನೂನು ಬಂತು. ಕಾರ್ಖಾನೆ, ಕಚೇರಿ, ಅಂಗಡಿಯ ಬೋರ್ಡು ಎಲ್ಲ ಕಡೆ ಫ್ರೆಂಚ್. ವಲಸೆ ಬಂದವರ ಮಕ್ಕಳು ಫ್ರೆಂಚ್ ಶಾಲೆಗೇ ಹೋಗಬೇಕು. ಕೆಬೆಕ್ಕಿನ ಹಟ ಕೆಲವೊಮ್ಮೆ ಪ್ಯಾರಿಸ್ಸನ್ನೇ ನಾಚಿಸುತ್ತದೆ. ರಸ್ತೆಯ ಕೆಂಪು ಫಲಕದಲ್ಲಿ ಪ್ಯಾರಿಸ್ 'ಸ್ಟಾಪ್' ಎಂದು ಬರೆದುಕೊಂಡಿದೆ. ಕೆಬೆಕ್ 'ಅರೆ' ಎಂದು ಬರೆಯುತ್ತದೆ. ವಾರದ ಕೊನೆಗೆ ಪ್ಯಾರಿಸ್ 'ವೀಕೆಂಡ್' ಎನ್ನುತ್ತದೆ, ಕೆಬೆಕ್ 'ಫ್ಯಾಂ ದ ಸಮೆನ್'. ಇಮೇಲಿಗೆ ಕೆಬೆಕ್ಕಿನವರು ಕಟ್ಟಿದ 'ಕುರಿಯೆಲ್' ಎಂಬ ಪದವನ್ನು 2003ರಲ್ಲಿ ಫ್ರಾನ್ಸ್ ಸರ್ಕಾರ ತನ್ನ ಕಚೇರಿಗಳಿಗೆ ತಂದುಕೊಂಡಿತು. ಮಗಳ ಮನೆಯಿಂದ ತವರಿಗೆ ಬಂದ ಪದ.

ಮೂರನೆಯ ಕಾವಲುಗಾರ ಬೀದಿ. ಇದನ್ನು ನೋಡಬೇಕೆಂದರೆ ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟಿನ ಅಬಿಜಾನ್ ನಗರಕ್ಕೆ ಹೋಗಬೇಕು. ಆ ದೇಶ 1960ರಲ್ಲಿ ಸ್ವತಂತ್ರವಾಯಿತು. ಫ್ರೆಂಚ್ ಅಲ್ಲಿ ಆಳಿದವರ ಭಾಷೆ, ಕಚೇರಿಯ ಭಾಷೆ. ಹತ್ತಾರು ಬುಡಕಟ್ಟುಗಳ ಜನ ಕೆಲಸ ಹುಡುಕಿಕೊಂಡು ನಗರಕ್ಕೆ ಬಂದಾಗ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಶಾಲೆ ಅರ್ಧಕ್ಕೆ ಬಿಟ್ಟ ಹುಡುಗರು ತಮಗೆ ಬಂದಷ್ಟು ಫ್ರೆಂಚಿಗೆ ಜೂಲಾ, ಬಾವುಲೆ, ಬೆತೆ, ಇಂಗ್ಲಿಷ್ ಎಲ್ಲ ಸೇರಿಸಿ 'ನೂಷಿ' ಎಂಬ ನುಡಿಯನ್ನು ಎಬ್ಬಿಸಿದರು. ಇಂಗ್ಲಿಷಿನ 'ಎಂಜಾಯ್' ಅಲ್ಲಿ 'ಸಾಂಜಾಯೆ' ಎಂಬ ಫ್ರೆಂಚ್ ಕ್ರಿಯಾಪದವಾಯಿತು. ಈಗ ಪ್ಯಾರಿಸ್ಸಿನ ಹುಡುಗರೂ ಅದನ್ನೇ ಆಡುತ್ತಾರೆ. ಕುರುಚಲು ಕಾಡಿಗೆ, ಆಮೇಲೆ ಎರಡನೇ ಮಹಾಯುದ್ಧದ ಭೂಗತ ಹೋರಾಟಕ್ಕೆ ಫ್ರಾನ್ಸಿನಲ್ಲಿದ್ದ 'ಮಕಿ' ಎಂಬ ಪದ ಅಬಿಜಾನಿನಲ್ಲಿ ಮೀನು ಸುಡುವ, ಬಿಯರು ಸಿಗುವ ಬಯಲು ಹೋಟೆಲಿಗೆ ಹೋಯಿತು. ಸುಲಭಕ್ಕೆ ಮೋಸಹೋಗುವ ಪೆದ್ದ 'ಗಾವು'. ಮ್ಯಾಜಿಕ್ ಸಿಸ್ಟಮ್ ಎಂಬ ತಂಡ ಆ ಪೆದ್ದನ ಮೇಲೆ ಒಂದು ಹಾಡು ಕಟ್ಟಿತು. ಕಾಸಿಲ್ಲದಾಗ ಬಿಟ್ಟುಹೋದ ಹುಡುಗಿ ಹೆಸರು ಬಂದ ಮೇಲೆ ಹುಡುಕಿಕೊಂಡು ಬರುವ ಕಥೆ. 2000ದ ಆಸುಪಾಸಿನಲ್ಲಿ ಆಫ್ರಿಕಾದ ಮದುವೆ ಮನೆಗಳನ್ನೆಲ್ಲ ಕುಣಿಸಿದ ಹಾಡು ಫ್ರಾನ್ಸಿನ ರೇಡಿಯೊಗಳಿಗೂ ಬಂತು. ಗಾವು ಎಂದರೇನು ಎಂದು ಫ್ರಾನ್ಸಿನವರು ಐವರಿ ಕೋಸ್ಟಿನವರನ್ನು ಕೇಳಬೇಕಾಯಿತು.

ಆಫ್ರಿಕಾದ ಫ್ರೆಂಚಿಗೆ ತನ್ನದೇ ತುಂಟತನವಿದೆ. ಸೆನೆಗಲ್ಲಿನಲ್ಲಿ ಪೆಟ್ರೋಲ್ ಬಂಕಿಗೆ 'ಎಸಾಂಸ್‌ರಿ' ಎನ್ನುತ್ತಾರೆ. ಬ್ರೆಡ್ಡಿನ ಅಂಗಡಿಗೆ, ದಿನಸಿ ಅಂಗಡಿಗೆ ಫ್ರೆಂಚಿನಲ್ಲಿ ಯಾವ ಪ್ರತ್ಯಯವಿದೆಯೋ ಅದನ್ನೇ ಪೆಟ್ರೋಲಿಗೂ ಹಚ್ಚಿದ್ದಾರೆ. ಮದುವೆಯಾದವನು ಇನ್ನೊಬ್ಬಳನ್ನು ಇಟ್ಟುಕೊಂಡಿದ್ದರೆ ಮಧ್ಯ ಆಫ್ರಿಕಾದಲ್ಲಿ ಅವಳು 'ಎರಡನೇ ಆಫೀಸು'. ತಡವಾಗಿ ಮನೆಗೆ ಬಂದವರು ಹೇಳುವ ನೆಪ ಎಲ್ಲ ಕಡೆಯೂ ಒಂದೇ ನೋಡಿ! ನಗುವಾಚೆಗೂ ಇಲ್ಲೊಂದು ಸಂಗತಿಯಿದೆ. ಫ್ರೆಂಚ್ ಮಾತಾಡುವ ದೇಶಗಳ ಒಕ್ಕೂಟ 2022ರಲ್ಲಿ ಕೊಟ್ಟ ಅಂದಾಜಿನಂತೆ ಜಗತ್ತಿನಲ್ಲಿ ಫ್ರೆಂಚ್ ಬಲ್ಲವರು 32 ಕೋಟಿಯಷ್ಟು. ಅದನ್ನು ದಿನವೂ ಬಳಸುವವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಆಫ್ರಿಕಾದವರು. ಭಾಷೆಯ ತೂಕ ಸೆನ್ ನದಿಯ ದಂಡೆಯಿಂದ ಕಾಂಗೊ ನದಿಯ ದಂಡೆಗೆ ಸರಿದಾಗಿದೆ.

ಪ್ಯಾರಿಸ್ಸಿನ ಬೀದಿಯೂ ಸುಮ್ಮನಿಲ್ಲ. ನಗರದ ಸುತ್ತಲಿನ ವಲಸೆಗಾರರ ಬಡಾವಣೆಗಳಲ್ಲಿ ಪದಗಳನ್ನು ತಿರುಗಿಸಿ ಆಡುವ ಆಟವೊಂದು ನಡೆದಿದೆ. ಆಟದ ಹೆಸರೇ 'ವೆರ್ಲಾಂ'. ತಿರುಗುಮುರುಗು ಎಂಬರ್ಥದ 'ಲಾಂವೆರ್' ಎಂಬುದನ್ನೇ ತಿರುಗಿಸಿದ್ದು. ಹೆಂಗಸು ಎಂಬ 'ಫಾಮ್' ಮಗುಚಿ 'ಮಫ್', ಹುಚ್ಚ ಎಂಬ 'ಫೂ' ಮಗುಚಿ 'ಊಫ್'. ಪೊಲೀಸಿಗೂ ಒಂದು ಮಗುಚಿದ ಹೆಸರಿದೆ, ಅವರ ಕಿವಿ ತಪ್ಪಿಸಲೆಂದೇ. ಇದರ ಜೊತೆಗೆ ಅಲ್ಜೀರಿಯಾ, ಮೊರಾಕ್ಕೊಗಳಿಂದ ಬಂದ ಅರಬ್ಬೀ ಪದಗಳು. ವೈದ್ಯನಿಗೆ 'ತುಬಿಬ್', ಊರಿಗೆ 'ಬ್ಲೆದ್'. ಹಾಡುಗಾರ ರನೋ 1977ರಲ್ಲೇ ವೆರ್ಲಾಂ ಶೀರ್ಷಿಕೆಯ ಹಾಡಿನಿಂದ ಹೆಸರು ಮಾಡಿದ. ಬೆಲ್ಜಿಯಂನ ಸ್ತ್ರೊಮಾಯ್ ಎಂಬ ಗಾಯಕ 'ಮಾಯೆಸ್ತ್ರೊ' ಎಂಬ ಬಿರುದನ್ನು ಮಗುಚಿ ತನ್ನ ಹೆಸರು ಮಾಡಿಕೊಂಡ.

ಇಲ್ಲಿ ರೇಡಿಯೊ ಮಂದಿಗೆ ಖುಷಿ ಕೊಡುವ ಒಂದು ವಿಷಯವಿದೆ. ಇಂಗ್ಲಿಷ್ ಹಾಡುಗಳ ಹಾವಳಿ ತಡೆಯಲು ಫ್ರಾನ್ಸ್ 1994ರಲ್ಲಿ ಒಂದು ಕಾನೂನು ಮಾಡಿತು. 1996ರಿಂದ ರೇಡಿಯೊ ಕೇಂದ್ರಗಳು ಪ್ರಸಾರ ಮಾಡುವ ಹಾಡುಗಳಲ್ಲಿ ನೂರಕ್ಕೆ 40 ಪಾಲು ಫ್ರೆಂಚಿನದಾಗಿರಬೇಕು, ಅದರಲ್ಲಿ ಅರ್ಧ ಹೊಸಬರದು ಅಥವಾ ಹೊಸ ಹಾಡು. ಕಾನೂನು ಮಾಡಿದವರ ಕಣ್ಣಮುಂದೆ ಹಳೆಯ ಶಾನ್ಸೊಂ ಶೈಲಿಯ ಇಂಪಾದ ಹಾಡುಗಳಿದ್ದಿರಬಹುದು. ಆದರೆ ಎಳೆಯರನ್ನು ಹಿಡಿದಿಡುವ ಹೊಸ ಫ್ರೆಂಚ್ ಹಾಡು ಎಲ್ಲಿತ್ತು? ಬಡಾವಣೆಗಳ ರ‍್ಯಾಪ್‌ನಲ್ಲಿ. ಸೆನೆಗಲ್ಲಿನ ಡಾಕಾರಿನಲ್ಲಿ ಹುಟ್ಟಿದ ಎಂಸಿ ಸೊಲಾರನಂಥವರು ಆಗಲೇ ದಾರಿ ಮಾಡಿದ್ದರು. ಶುದ್ಧ ಭಾಷೆಗೆ ಹಾಕಿದ ಬೇಲಿಯೊಳಗೆ ವೆರ್ಲಾಂ ಹುಲುಸಾಗಿ ಬೆಳೆಯಿತು.

2024ರ ಜುಲೈ 26ರಂದು ಪ್ಯಾರಿಸ್ ಒಲಿಂಪಿಕ್ಸಿನ ಉದ್ಘಾಟನೆಯಲ್ಲಿ ಮಾಲಿ ದೇಶದ ಬಮಾಕೊದಲ್ಲಿ ಹುಟ್ಟಿ ಪ್ಯಾರಿಸ್ಸಿನ ಹೊರವಲಯದಲ್ಲಿ ಬೆಳೆದ ಆಯಾ ನಕಾಮುರಾ ಹಾಡಿದಳು. ಅವಳ ಹಾಡಿನ ಭಾಷೆ ಫ್ರೆಂಚೇ ಅಲ್ಲ ಎಂದು ಬಲಪಂಥೀಯರು ತಿಂಗಳುಗಟ್ಟಲೆ ಗಲಾಟೆ ಮಾಡಿದ್ದರು. ಆ ಸಂಜೆ ಬಂಗಾರದ ಉಡುಪು ತೊಟ್ಟು ಅವಳು ಹೊರಬಂದದ್ದು ಅಕಾಡೆಮಿಯ ಅಮರರು ಸಭೆ ಸೇರುವ ಕಟ್ಟಡದ ಕಡೆಯಿಂದ. ಎದುರಿನ ಸೇತುವೆಯ ಮೇಲೆ ಗಣರಾಜ್ಯದ ಕಾವಲು ಪಡೆಯ ವಾದ್ಯಗಾರರು ಸಮವಸ್ತ್ರದಲ್ಲೇ ಅವಳ ಹಾಡಿಗೆ ಹೆಜ್ಜೆ ಹಾಕಿದರು. ಇಷ್ಟಾದ ಮೇಲೂ ಅಕಾಡೆಮಿಯ ನಿಘಂಟು ಬದಲಾಗುವುದಿಲ್ಲ. ಬದಲಾಗುವ ಅಗತ್ಯ ಅವಳಿಗೂ ಇಲ್ಲ.

ಕೊನೆಯವನು ಹಾಡುಗಾರ. ಅವನೊಬ್ಬನೇ ಕಾವಲಿಗೆ ನಿಂತರೆ ಏನಾಗುತ್ತದೆ ಎಂಬುದು ತಿಳಿಯುವುದು ಅಮೆರಿಕದ ಲೂಯಿಸಿಯಾನಾದಲ್ಲಿ. 1755ರಲ್ಲಿ ಇಂಗ್ಲಿಷರು ಕೆನಡಾದ ಪೂರ್ವ ಕರಾವಳಿಯ ಅಕಾಡಿಯಾದಿಂದ ಫ್ರೆಂಚ್ ರೈತರನ್ನು ಹಡಗು ಹತ್ತಿಸಿ ಹೊರಗಟ್ಟಿದರು. ಚದುರಿಹೋದವರಲ್ಲಿ ಕೆಲವರು ಮುಂದಿನ ಮೂವತ್ತು ವರ್ಷಗಳಲ್ಲಿ ಲೂಯಿಸಿಯಾನಾದ ಜೌಗು ನೆಲಕ್ಕೆ ಬಂದು ಸೇರಿದರು. ಅಕಾಡಿಯನ್ ಎಂಬುದೇ ಸವೆದು ಕೇಜನ್ ಆಯಿತು. ಅದಾಗಲೇ ಅಲ್ಲಿದ್ದ ಫ್ರೆಂಚ್ ಮನೆತನಗಳು, ಗುಲಾಮರಾಗಿ ತಂದ ಆಫ್ರಿಕನ್ನರು, ಸ್ಪೇನಿನವರು, ಮೂಲನಿವಾಸಿಗಳು ಎಲ್ಲರ ಮಾತೂ ಬೆರೆಯಿತು. ಹಾಗೆ ಬೆರೆತದ್ದಕ್ಕೆ ಗುರುತು ಅಲ್ಲಿನ ಪ್ರಸಿದ್ಧ ಸಾರು 'ಗಂಬೊ'. ಆ ಹೆಸರು ಬೆಂಡೆಕಾಯಿಗೆ ಆಫ್ರಿಕನ್ನರು ಇಟ್ಟದ್ದು. ಅದನ್ನು ಮಂದ ಮಾಡುವುದು ಫ್ರೆಂಚರ ಹಾಗೆ ಹಿಟ್ಟನ್ನು ಕೊಬ್ಬಿನಲ್ಲಿ ಹುರಿದು. ನ್ಯೂ ಆರ್ಲಿಯನ್ಸಿನ ಅಂಗಡಿಯವನು ಸಾಮಾನಿನ ಮೇಲೆ ಒಂದಿಷ್ಟು ಬಿಟ್ಟಿ ಹಾಕಿಕೊಟ್ಟರೆ ಅದು 'ಲಾನ್ಯಾಪ್'. ದಕ್ಷಿಣ ಅಮೆರಿಕದ ಕೆಚುವಾ ಭಾಷೆಯಿಂದ ಸ್ಪ್ಯಾನಿಷಿಗೆ, ಅಲ್ಲಿಂದ ಲೂಯಿಸಿಯಾನಾದ ಫ್ರೆಂಚಿಗೆ ಬಂದ ಪದ. ನಮ್ಮ ಸಂತೆಯ ಕೊಸರು ಎನ್ನಿ.

ಶನಿವಾರ ರಾತ್ರಿ ಕುಣಿತ. ಅಕಾರ್ಡಿಯನ್, ಪಿಟೀಲು, ಹುಲ್ಲು ಬಾಚುವ ಯಂತ್ರದ ಹಳೆಯ ಕಂಬಿ ಬಗ್ಗಿಸಿ ಮಾಡಿದ ತ್ರಿಕೋನದ ತಾಳ. ಪುಟ್ಟ ಮಕ್ಕಳನ್ನು ಪಕ್ಕದ ಕೋಣೆಯಲ್ಲಿ ಮಲಗಿಸಿ ತಾಯಂದಿರು ಕುಣಿಯಲು ಬರುತ್ತಿದ್ದರು. ಮಗುವಿಗೆ ಹೇಳುವ 'ದೋದೋ ಮಾಡು', ಅಂದರೆ ಜೋಜೋ ಮಾಡು ಎಂಬ ಮಾತಿನಿಂದ ಆ ಕೂಟಕ್ಕೇ 'ಫೆ ದೋದೋ' ಎಂಬ ಹೆಸರು ಬಂತು. 1928ರಲ್ಲಿ ಜೋ ಫಾಲ್ಕನ್ ಮತ್ತು ಕ್ಲಿಯೋಮಾ ಬ್ರೋ ನ್ಯೂ ಆರ್ಲಿಯನ್ಸಿನಲ್ಲಿ ಮೊಟ್ಟಮೊದಲ ಕೇಜನ್ ರೆಕಾರ್ಡು ಹಾಡಿದರು. ಮರುವರ್ಷ ಕಪ್ಪು ಜನಾಂಗದ ಅಮೆದೆ ಆರ್ದ್ವ್ಯಾಂ ಅಕಾರ್ಡಿಯನ್ನಿಗೂ ಬಿಳಿಯ ಡೆನಿಸ್ ಮೆಗೀ ಪಿಟೀಲಿಗೂ ಕೂತು ಒಟ್ಟಿಗೆ ರೆಕಾರ್ಡು ಮಾಡಿದರು. ಬಣ್ಣದ ಗೋಡೆ ಎತ್ತರವಾಗಿದ್ದ ಕಾಲ ಅದು. ಒಂದೇ ಬೆಂಚಿನಲ್ಲಿ ಅವರನ್ನು ಕೂರಿಸಿದ್ದು ಹಾಡು, ಹಾಡಿನ ಫ್ರೆಂಚ್.

ಕಪ್ಪು ಜನರ ಮನೆಗಳಲ್ಲಿ ಈ ಸಂಗೀತ ಬ್ಲೂಸ್ ಜೊತೆ ಸೇರಿ ಬೇರೆಯೇ ಆಯಿತು. ಕ್ಲಿಫ್ಟನ್ ಶೆನಿಯೆ ದೊಡ್ಡ ಪಿಯಾನೊ ಅಕಾರ್ಡಿಯನ್ ಹಿಡಿದ. ಅವನ ಅಣ್ಣ ಕ್ಲೀವ್‌ಲ್ಯಾಂಡ್ ಏಣು ಏಣಾದ ತಗಡಿನ ಅಂಗಿಯನ್ನು ಎದೆಗೆ ತೊಟ್ಟು ಕೆರೆದು ತಾಳ ಹಾಕಿದ. ಈ ಸಂಗೀತಕ್ಕೆ ಬಂದ ಹೆಸರು 'ಜೈಡೆಕೊ'. ಹುರುಳಿಕಾಯಿ ಎಂಬ 'ಆರಿಕೊ' ಅದರ ಮೂಲ ಎನ್ನುವವರು ಹೆಚ್ಚು. ಹುರುಳಿಕಾಯಿಗೆ ಉಪ್ಪಿಲ್ಲ ಎಂಬುದು ಅಲ್ಲಿನ ಬಡವರ ಗಾದೆಯಂಥ ಮಾತು. ಬೇಯಿಸುವಾಗ ರುಚಿಗೆ ಹಾಕಲು ಉಪ್ಪು ಹಚ್ಚಿದ ಮಾಂಸದ ತುಂಡೂ ಮನೆಯಲ್ಲಿಲ್ಲ ಎಂಬ ಅರ್ಥ. ಫ್ರಾನ್ಸಿನ ವ್ಯಾಕರಣ ಪುಸ್ತಕದ ಪ್ರಕಾರ 'ಲೆ ಆರಿಕೊ' ಎಂದು ಬಿಡಿಸಿ ಹೇಳಬೇಕು, ನಡುವೆ 'ಜ'ಕಾರ ತಂದು 'ಲೆಜಾರಿಕೊ' ಎಂದರೆ ತಪ್ಪು. ಅಕಾಡೆಮಿ ಇಂದಿಗೂ ಹಾಗೆಂದೇ ಎಚ್ಚರಿಸುತ್ತದೆ. ಲೂಯಿಸಿಯಾನಾದವರು ಹೇಳಿದ್ದು ಲೆಜಾರಿಕೊ ಎಂದೇ. ಆ ತಪ್ಪು 'ಜ'ಕಾರ ಇಲ್ಲದಿದ್ದರೆ ಜೈಡೆಕೊ ಎಂಬ ಹೆಸರೇ ಇಲ್ಲ.

ಅತ್ತ ಹಾಡು ಬೆಳೆಯುತ್ತಿದ್ದಾಗಲೇ ಇತ್ತ ಮಾತು ಸೊರಗತೊಡಗಿತ್ತು. 1921ರ ರಾಜ್ಯ ಸಂವಿಧಾನ ಶಾಲೆಗಳಲ್ಲಿ ಇಂಗ್ಲಿಷನ್ನು ಬಿಟ್ಟು ಬೇರೆ ಭಾಷೆಗೆ ಜಾಗವಿಲ್ಲವೆಂದಿತು. ಶಾಲೆಯ ಅಂಗಳದಲ್ಲಿ ಫ್ರೆಂಚ್ ಆಡುವುದಿಲ್ಲ ಎಂದು ಮಕ್ಕಳಿಂದ ನೂರಾರು ಸಲ ಬರೆಸಿದರು. ಮೂತ್ರಕ್ಕೆ ಹೋಗಬೇಕೆಂದು ಇಂಗ್ಲಿಷಿನಲ್ಲಿ ಕೇಳಲು ಬಾರದೆ ಕೂತಲ್ಲೇ ಬಟ್ಟೆ ಒದ್ದೆ ಮಾಡಿಕೊಂಡ ನೆನಪನ್ನು ಆ ತಲೆಮಾರಿನ ಅನೇಕರು ಹೇಳಿದ್ದಾರೆ. ಆ ಮಕ್ಕಳು ಬೆಳೆದು ತಂದೆತಾಯಿಯರಾದಾಗ ತಮ್ಮ ಮಕ್ಕಳ ಜೊತೆ ಇಂಗ್ಲಿಷಿನಲ್ಲೇ ಮಾತಾಡಿದರು. ಮಗುವಿಗೆ ಆ ಅವಮಾನ ಬೇಡ ಎಂಬುದು ಅವರ ಪ್ರೀತಿ. ಫ್ರೆಂಚ್ ಅಜ್ಜ ಅಜ್ಜಿಯರ ನಡುವಿನ ಗುಟ್ಟಿನ ಮಾತಾಯಿತು.

1964ರಲ್ಲಿ ಕೇಜನ್ ಪಿಟೀಲುಗಾರ ಡೂಯಿ ಬಾಲ್ಫಾ ಮತ್ತು ಸಂಗಡಿಗರು ಉತ್ತರದ ನ್ಯೂಪೋರ್ಟ್ ಜಾನಪದ ಉತ್ಸವಕ್ಕೆ ಹೋದರು. ಊರಿನ ಪತ್ರಿಕೆಯವರು ಗೇಲಿ ಮಾಡಿದ್ದರು. ಅಲ್ಲಿ ಸಾವಿರಾರು ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ಬಾಲ್ಫಾ ಊರಿಗೆ ಮರಳಿ ಉಳಿದ ಆಯುಸ್ಸನ್ನೆಲ್ಲ ಈ ಸಂಗೀತವನ್ನು ಶಾಲೆ ಶಾಲೆಗೆ ಕೊಂಡೊಯ್ಯುವುದಕ್ಕೆ ಕೊಟ್ಟ. 1968ರಲ್ಲಿ ಫ್ರೆಂಚ್ ಉಳಿಸಲು ರಾಜ್ಯವೇ ಒಂದು ಮಂಡಳಿ ಮಾಡಿತು. ಫ್ರಾನ್ಸ್, ಬೆಲ್ಜಿಯಂ, ಕೆಬೆಕ್‌ಗಳಿಂದ ಮೇಷ್ಟ್ರುಗಳು ಬಂದರು. ಬಂದವರು ಕಲಿಸಿದ್ದು ತಮ್ಮ ಫ್ರೆಂಚನ್ನು. ಸಿಗಡಿಗೆ ಶಾಲೆಯಲ್ಲಿ 'ಕ್ರವೆತ್' ಎಂದು ಕಲಿತ ಮಗು ಮನೆಗೆ ಬಂದರೆ ಅಜ್ಜಿ 'ಶವ್ರೆತ್' ಎನ್ನುತ್ತಾಳೆ. ಈಗ ಎಂಬುದಕ್ಕೆ ಅಜ್ಜಿಯದು 'ಅಸ್ತರ್', ಪುಸ್ತಕದ್ದು 'ಮ್ಯಾಂತನಾಂ'. ಬೂಟಿನ ದಾರ ಕಟ್ಟುವುದಕ್ಕೆ ಅಜ್ಜಿ ಆಡುವುದು ಹಡಗನ್ನು ದಡಕ್ಕೆ ಬಿಗಿಯುವ 'ಅಮಾರೆ'. ಮೊದಲು ಇಂಗ್ಲಿಷ್ ಬಾರದೆಂದು ನಗೆಗೀಡಾಗಿದ್ದ ಅಜ್ಜಿ ಈಗ ಫ್ರೆಂಚೂ ಸರಿಯಿಲ್ಲ ಎನಿಸಿಕೊಂಡು ಬಾಯಿ ಮುಚ್ಚಿದಳು. ಇದು ತಪ್ಪೆಂದು ಅರಿತು ಸ್ಥಳೀಯ ಮಾತನ್ನೇ ಪಾಠಕ್ಕೆ ತರುವ ಹೊತ್ತಿಗೆ ಒಂದು ತಲೆಮಾರು ಕಳೆದಿತ್ತು.

ಇವತ್ತು ಲೂಯಿಸಿಯಾನಾದ ಲಾಫಾಯೆತ್ ಸುತ್ತಮುತ್ತ ಫ್ರೆಂಚಿನಲ್ಲಿ ಹಾಡುವ ತರುಣ ತಂಡಗಳು ಬೇಕಾದಷ್ಟಿವೆ. ಗ್ರ್ಯಾಮಿ ಪ್ರಶಸ್ತಿಗಳೂ ಬಂದಿವೆ. ಆದರೆ ಹಾಡು ಮುಗಿದ ಮೇಲೆ ಮೈಕಿನಲ್ಲಿ ಮುಂದಿನ ಮಾತು ಇಂಗ್ಲಿಷಿನಲ್ಲಿ ಬರುವುದೇ ಹೆಚ್ಚು. ಹಾಡು ಪದಗಳನ್ನು ಕಾಯುತ್ತದೆ ಎಂಬುದು ನಿಜ, ಹಗೇವು ಬಿತ್ತನೆಯ ಕಾಳನ್ನು ಕಾದ ಹಾಗೆ. ಹಗೇವಿನಲ್ಲಿರುವುದು ಮೊಳೆಯಬೇಕಾದರೆ ಯಾರಾದರೂ ತೆಗೆದು ಹೊಲಕ್ಕೆ ಒಯ್ಯಬೇಕು. ಕೆಬೆಕ್ಕಿನಲ್ಲಿ ಹಾಡಿನ ಹಿಂದೆ ಶಾಲೆಯೂ ಸಂಬಳವೂ ಬಂದದ್ದರಿಂದ ಭಾಷೆ ಉಳಿಯಿತು. ಅಬಿಜಾನಿನಲ್ಲಿ ನೂಷಿ ಯಾರನ್ನೂ ಕೇಳದೆ ಬೆಳೆದದ್ದು ಅದಿಲ್ಲದೆ ಸಂತೆಯಲ್ಲಿ ಒಂದು ವ್ಯವಹಾರವೂ ನಡೆಯದು ಎಂಬ ಕಾರಣಕ್ಕೆ. ಲೂಯಿಸಿಯಾನಾದಲ್ಲಿ ಹಾಡಿಗೆ ಜೊತೆ ಸಿಗಲಿಲ್ಲ.

ಜೊತೆ ಈಗ, ತಡವಾಗಿ, ಸಿಗುತ್ತಿದೆ. ಸಮುದ್ರ ನೆಲವನ್ನು ನುಂಗುತ್ತಿರುವ ದಕ್ಷಿಣ ಅಂಚಿನಲ್ಲಿ ಪ್ವ್ಯಾಂತ್ ಒ ಶಿಯಾಂ ಎಂಬ ಮೂಲನಿವಾಸಿ ಬುಡಕಟ್ಟಿನ ಜನರಿದ್ದಾರೆ, ಮೀನುಗಾರರು. ಅವರ ಮನೆಮಾತು ಶತಮಾನಗಳಿಂದ ಫ್ರೆಂಚ್. ಬಿಳಿಯರ ಶಾಲೆಗೆ ಒಂದು ಕಾಲದಲ್ಲಿ ಅವರ ಮಕ್ಕಳಿಗೆ ಪ್ರವೇಶವೇ ಇರಲಿಲ್ಲ. 2021ರಲ್ಲಿ ಆಡಳಿತದವರು ಅವರ ಊರಿನ ಪ್ರಾಥಮಿಕ ಶಾಲೆಯನ್ನೇ ಮುಚ್ಚಿದರು. ಜನ ಬಿಡಲಿಲ್ಲ. ರಾಜ್ಯ ಶಾಸನಸಭೆಯಿಂದ ಪ್ರತ್ಯೇಕ ಕಾನೂನು ಮಾಡಿಸಿ, 2023ರ ಆಗಸ್ಟಿನಲ್ಲಿ ಫ್ರೆಂಚಿನಲ್ಲಿ ಪಾಠ ನಡೆಯುವ ಶಾಲೆ ತೆರೆದರು. ಅಲ್ಲಿ ಮಕ್ಕಳು ಪುಸ್ತಕದ ಫ್ರೆಂಚಿನ ಜೊತೆಗೆ ತಮ್ಮ ಊರಿನ ಫ್ರೆಂಚನ್ನೂ ಕಲಿಯುತ್ತಾರೆ. ಶವ್ರೆತ್ ಎಂದರೆ ತಿದ್ದುವವರಿಲ್ಲ. ಅಕಾಡೆಮಿಯ ಮುಂದಿನ ಆವೃತ್ತಿಯಲ್ಲಿ ಆ ಪದ ಬರುತ್ತದೋ ಇಲ್ಲವೋ, ಅದರ ಆಯುಸ್ಸು ನಿಂತಿರುವುದು ಆ ಮಕ್ಕಳು ಆಟದ ಬಯಲಿಗೆ ಓಡಿದಾಗ ಯಾವ ಭಾಷೆಯಲ್ಲಿ ಜಗಳ ಆಡುತ್ತಾರೆ ಎಂಬುದರ ಮೇಲೆ.